ಸಿಡಿಲವ್ವನ ಮನೆ ಮುಂದೆ ಚಾರ್ಜಿಂಗ್ ಕ್ಯೂ: ಸೂಪರ್ ಹೀರೋಗಳ ದಿನಚರಿಯನ್ನು ವೆಬ್‌ಕಾಮಿಕ್ ಮಾಡುವ ಬಗೆ

ನನ್ನ ಮೊದಲ ಸೂಪರ್ ಹೀರೋಗೆ ಬೆನ್ನ ಮೇಲೊಂದು ಕೆಂಪು ಬಟ್ಟೆ ಇತ್ತು. ಬಳ್ಳಾರಿ ಗುಡ್ಡದ ಕೋಟೆ ಮೇಲೆ ನಿಂತು ಊರು ನೋಡುತ್ತಿದ್ದ. ಗಾಳಿಗೆ ಬಟ್ಟೆ ಹಾರುತ್ತಿತ್ತು. ಎಂಟು ಪುಟ ಬಿಡಿಸಿ ಗೆಳೆಯನಿಗೆ ತೋರಿಸಿದೆ. ಅವನು ಎಲ್ಲಾ ನೋಡಿ ಕೇಳಿದ್ದು ಒಂದೇ ಮಾತು: "ಮೇ ತಿಂಗಳಾಗ ಇದನ್ನ ಹೊದ್ಕೊಂಡು ಹೆಂಗ್ ನಿಂತಾನಪ್ಪಾ ಇಂವ?"

ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಎಂದು ನಾವೇ ನಗಾಡುತ್ತೇವೆ. 40 ಡಿಗ್ರಿ ದಾಟಿದ ಬಿಸಿಲಲ್ಲಿ ಬೆನ್ನ ಮೇಲೆ ಹೊದಿಕೆ ಹಾಕಿಕೊಂಡವನು ಹಾರುವುದಿಲ್ಲ, ನೆರಳು ಹುಡುಕುತ್ತಾನೆ. ಆ ಎಂಟು ಪುಟಗಳನ್ನು ಎತ್ತಿಟ್ಟೆ. ಗೆಳೆಯನ ಪ್ರಶ್ನೆಯನ್ನು ಮಾತ್ರ ಇಟ್ಟುಕೊಂಡೆ. ನನ್ನ ವೆಬ್‌ಕಾಮಿಕ್, ಅಂದರೆ ಇಂಟರ್ನೆಟ್‌ನಲ್ಲಿ ಕಂತು ಕಂತಾಗಿ ಹಾಕುವ ಚಿತ್ರಕಥೆ, ಶುರುವಾಗಿದ್ದು ಅಲ್ಲಿಂದ.

ನಿಮಗೂ ಇಂಥದ್ದೊಂದು ಮಾಡುವ ಆಸೆ ಇದ್ದರೆ ಈ ಬರಹ ನಿಮಗೆ. ಚಿತ್ರ ಅದ್ಭುತವಾಗಿ ಬರಬೇಕಿಲ್ಲ. ಒಂದು ನೋಟ್‌ಬುಕ್, ಒಂದು ಫೋನು, ಓಣಿಯಲ್ಲಿ ಸ್ವಲ್ಪ ಹೊತ್ತು ಸುಮ್ನೆ ಕೂರುವ ತಾಳ್ಮೆ ಇದ್ದರೆ ಸಾಕು.

ಮೊದಲು ಶಕ್ತಿ ಕೊಡಿ, ಆಮೇಲೆ ಅದರ ಕಾಟ ಬರೆಯಿರಿ

ಹೊಡೆದಾಟ ತೋರಿಸಲು ಸಿನಿಮಾ ಇದೆ. ಫೋನಿನ ನಾಲ್ಕು ಚೌಕದಲ್ಲಿ ನೀವು ಎಷ್ಟು ಕಟ್ಟಡ ಉರುಳಿಸಿದರೂ ಅದು ಸಣ್ಣದೇ. ಆದರೆ ಕಟ್ಟಡ ಉರುಳಿಸಿ ಮನೆಗೆ ಬಂದವನಿಗೆ "ಹಾಲು ತರೋದು ಮರೆತ್ಯಾ?" ಎಂದು ಕೇಳುವ ಹೆಂಡತಿ ನಾಲ್ಕು ಚೌಕದಲ್ಲಿ ಚೆನ್ನಾಗಿ ಕೂರುತ್ತಾಳೆ.

ನೋಟ್‌ಬುಕ್ಕಿನ ಒಂದು ಪುಟಕ್ಕೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಶಕ್ತಿ. ಬಲಕ್ಕೆ, ಆ ಶಕ್ತಿ ಇದೆಯೆಂದು ಗೊತ್ತಾದ ಮರುದಿನ ಬೆಳಿಗ್ಗೆ ಯಾರು ಬಾಗಿಲು ಬಡಿಯುತ್ತಾರೆ, ಏನು ಕೇಳುತ್ತಾರೆ ಎಂಬುದು. ಹೀರೋಗೆ ನೆಲದೊಳಗೆ ಇರುವುದು ಕಾಣುತ್ತದೆ ಅಂದುಕೊಳ್ಳಿ. ರಾಯಚೂರು ಜಿಲ್ಲೆಯಲ್ಲಿ ಅವನನ್ನು ಯಾರೂ ಕಳ್ಳರನ್ನು ಹಿಡಿಯಲು ಕರೆಯುವುದಿಲ್ಲ. ಬೋರ್‌ವೆಲ್ ಪಾಯಿಂಟ್ ನೋಡಲು ಕರೆಯುತ್ತಾರೆ. ತೆಂಗಿನಕಾಯಿ ಹಿಡಿದು ನೀರು ನೋಡುವವರು ಇವನ ಮೇಲೆ ಮುನಿಸಿಕೊಳ್ಳುತ್ತಾರೆ. ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿ ಕಡೆ ಬಸ್ ಹತ್ತಿದರೆ ಊರಿಗೆಲ್ಲಾ ಅನುಮಾನ. ಹಾರುವ ಶಕ್ತಿ ಇದ್ದವನು ಗಂಗಾವತಿ ಕಡೆಯವನಾದರೆ? ಭತ್ತಕ್ಕೆ ಔಷಧಿ ಹೊಡೆಯುವ ಕೆಲಸ ಸಿಗುತ್ತದೆ. ಆಮೇಲೆ ಬಾಡಿಗೆ ಡ್ರೋನ್ ಬಂದು ಆ ಕೆಲಸವೂ ಹೋಗುತ್ತದೆ. ಡ್ರೋನ್‌ಗೆ ಊಟ ಹಾಕಬೇಕಾಗಿಲ್ಲ ನೋಡಿ.

ನಿಜವಾಗಿ ನಡೆದದ್ದನ್ನೂ ಈ ಪುಟಕ್ಕೆ ತರಬಹುದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳ ಪೈಕಿ 19ನೆಯದು ಚೈನ್ ಲಿಂಕ್ ತುಂಡಾಗಿ ಕೊಚ್ಚಿಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ರೈತರು ಉಸಿರು ಬಿಗಿಹಿಡಿದು ಕೂತಿದ್ದರು. ಒಂದು ವಾರದಲ್ಲಿ, ನೀರು ಹರಿಯುತ್ತಿರುವಾಗಲೇ, ಕ್ರೇನ್‌ನಲ್ಲಿ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಇಳಿಸಿ ಮುಚ್ಚಿದರು. ಅಲ್ಲಿ ಮಹಾ ಬಲಶಾಲಿ ಹೀರೋ ಒಬ್ಬ ಇದ್ದಿದ್ದರೆ ಅಂತ ಯೋಚಿಸಿ. ಹೋಗಿ ಗೇಟಿನ ಜಾಗದಲ್ಲಿ ಬೆನ್ನು ಕೊಟ್ಟು ನಿಲ್ಲುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಸರಿ. ಎರಡನೇ ದಿನ? ಮೂಗು ತುರಿಸಿದರೆ ಯಾರು ಕೆರೆಯುತ್ತಾರೆ? ಏಳು ದಿನ ರೊಟ್ಟಿ ತಿನ್ನಿಸುವವರು ಯಾರು? ಅವನ ಅವ್ವ ಬುತ್ತಿ ಕಟ್ಟಿಕೊಂಡು ಬರುತ್ತಾಳೆ, ಬ್ಯಾರಿಕೇಡ್ ಹತ್ತಿರ ಪೊಲೀಸಪ್ಪ ತಡೆಯುತ್ತಾನೆ. ಅವಳಿಗೂ ಪೊಲೀಸಪ್ಪನಿಗೂ ನಡೆಯುವ ಮಾತು ನಿಮ್ಮ ಕಾಮಿಕ್. ಗೇಟು ಹಿಡಿದು ನಿಂತದ್ದು ಬರೀ ಹಿನ್ನೆಲೆ.

ಹತ್ತು ಶಕ್ತಿ ಬರೆಯಿರಿ. ಬಲಗಡೆ ತುಂಬಿ ಪುಟ ಸಾಲದಾದ ಶಕ್ತಿಗಳನ್ನು ಇಟ್ಟುಕೊಳ್ಳಿ. ಉಳಿದದ್ದು ಎಷ್ಟೇ ಭರ್ಜರಿ ಇರಲಿ, ಬಿಡಿ.

ನನ್ನ ಪುಟದಲ್ಲಿ ಇಬ್ಬರು ಉಳಿದರು. ಒಬ್ಬಳು ಸಿಡಿಲವ್ವ. ಮೈಯಲ್ಲಿ ಕರೆಂಟು. ಹಗಲು ಬಳ್ಳಾರಿಯ ಒಂದು ಜೀನ್ಸ್ ಘಟಕದಲ್ಲಿ ಹೊಲಿಗೆ ಕೆಲಸ, ಪೀಸ್ ಲೆಕ್ಕದಲ್ಲಿ ಸಂಬಳ. ಸಿಟ್ಟು ಬಂದರೆ ಮಷಿನ್ ಮೋಟಾರ್ ಸುಡುತ್ತದೆ, ಅದರ ದುಡ್ಡು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆ. ಇನ್ನೊಬ್ಬ ಧೂಳೇಶ, ಖಳನಾಯಕ. ಸಂಡೂರು ಕಡೆಯ ಗಣಿಗಳ ಕೆಂಪು ಧೂಳು ಅವನು ಹೇಳಿದಂತೆ ಕೇಳುತ್ತದೆ. ಆದರೆ ಅವನ ಮನೆಯಲ್ಲಿ ಒಣಹಾಕಿದ ಬಿಳಿ ಬಟ್ಟೆ ಒಂದೂ ಬಿಳಿಯಾಗಿ ಉಳಿದಿಲ್ಲ.

ಸಾರಥಿಯನ್ನು ಕರೆಸಿ

ಹೀರೋ, ವಿಲನ್‌ಗಳಿಗೂ ಮನೆ-ಮಠ ಇರುತ್ತದೆ ಎನ್ನುವುದು ನಮ್ಮ ಕಡೆ ಹೊಸದೇನಲ್ಲ. ದೊಡ್ಡಾಟ ಎಂಬ ಬಯಲಾಟ ಆಡುವ ಊರಿನವರಿಗೆ ಇದು ಚೆನ್ನಾಗಿ ಗೊತ್ತು. ರಾತ್ರಿಯಿಡೀ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ನೆಲ ನಡುಗುವಂತೆ ಕುಣಿದ ದುರ್ಯೋಧನ ಬೆಳಿಗ್ಗೆ ಹೋಟೆಲಿನಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತಿರುತ್ತಾನೆ. ಕಿವಿಯ ಹಿಂದೆ ಇನ್ನೂ ಬಣ್ಣ ಇರುತ್ತದೆ. ಬಳ್ಳಾರಿ ರಾಘವ ಅವರನ್ನೇ ನೋಡಿ. 1880ರಿಂದ 1946ರವರೆಗೆ ಬದುಕಿದ್ದ ಆ ದೊಡ್ಡ ನಟ ವೃತ್ತಿಯಿಂದ ವಕೀಲರು. ಕೋರ್ಟಿನಲ್ಲಿ ವಾದ, ರಂಗದ ಮೇಲೆ ಹಿರಣ್ಯಕಶಿಪು. ಊರಿನ ರಾಘವ ಕಲಾಮಂದಿರಕ್ಕೆ ಇರುವುದು ಅವರದೇ ಹೆಸರು. ಹಗಲು ಒಂದು, ರಾತ್ರಿ ಒಂದು ಎಂಬ ಜೋಡಿ ಬದುಕಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ದೊಡ್ಡಾಟದಿಂದ ನಾನು ಕದ್ದ ಒಂದು ಉಪಾಯ ಇದೆ. ಅಲ್ಲಿ ಪಾತ್ರ ರಂಗಕ್ಕೆ ಬಂದ ಕೂಡಲೇ ಆಟ ನಡೆಸಿಕೊಡುವ ಸಾರಥಿ ಮಾತಿಗೆಳೆಯುತ್ತಾನೆ. ತಾವು ಯಾರು, ಎಲ್ಲಿಂದ ಬಂದಿರಿ ಎಂದು ಕೇಳುತ್ತಾನೆ. ಪಾತ್ರ ತನ್ನ ಪ್ರತಾಪವನ್ನು ತಾನೇ ಕೊಚ್ಚಿಕೊಳ್ಳುತ್ತದೆ. ನಿಮ್ಮ ಪಾತ್ರವನ್ನೂ ಹೀಗೇ ನಿಲ್ಲಿಸಿ. ಮೊದಲ ಎರಡು ಪ್ರಶ್ನೆ ಸಾರಥಿ ಕೇಳುವಂಥವೇ ಇರಲಿ. ಆಮೇಲೆ ದಾರಿ ತಪ್ಪಿಸಿ. ಮನೆ ಬಾಡಿಗೆ ಎಷ್ಟು? ಅಡ್ವಾನ್ಸ್ ಯಾರು ಕೊಟ್ಟರು? ಯಾರ ಫೋನ್ ಬಂದರೆ ಎತ್ತುವುದಿಲ್ಲ? ನೀರು ಬಿಡುವ ದಿನ ಕೊಡ ಹಿಡಿದು ನಿಲ್ಲುವವರು ಯಾರು? ಹೊಟ್ಟೆ ಉರಿ ಯಾರ ಮೇಲೆ?

ಧೂಳೇಶನಿಗೆ ಕೊನೆಯ ಪ್ರಶ್ನೆ ಕೇಳಿದಾಗ ಬಂದ ಉತ್ತರ "ಸಿಡಿಲವ್ವ" ಅಲ್ಲ. ಅವನ ತಮ್ಮ. ತಮ್ಮನಿಗೆ ಪಕ್ಕಾ ನೌಕರಿ ಇದೆ. ಹಬ್ಬಕ್ಕೆ ಬಂದಾಗೆಲ್ಲ "ಅಣ್ಣಾ, ಇನ್ನೂ ಧೂಳೇ ಹಾರಿಸ್ತೀಯಾ?" ಅಂತ ಕೇಳುತ್ತಾನೆ. ಈ ಒಂದು ಸಾಲಿನಿಂದ ನನಗೆ ಆರು ಕಂತು ಸಿಕ್ಕವು.

ಒಂದು ಎಚ್ಚರಿಕೆ. ಗಣಿ, ಧೂಳು ಅಂದ ಕೂಡಲೇ ವಿಲನ್‌ಗೆ ಯಾರೋ ನಿಜವಾದ ದೊಡ್ಡ ಮನುಷ್ಯರ ಮುಖ ಹಾಕುವ ಆಸೆ ಆಗುತ್ತದೆ. ಹಾಕಬೇಡಿ. ಕೇಸಿನ ಭಯ ಒಂದು ಕಡೆ ಇರಲಿ. ಆ ಮುಖ ಬಂದ ಮೇಲೆ ಓದುವವರು ಜೋಕು ನೋಡುವುದಿಲ್ಲ, ಮುಖ ನೋಡುತ್ತಾರೆ.

ಕಪ್ಪು ಮಾಡಿ ನೋಡಿ

ಪಾತ್ರ ಬಿಡಿಸುವಾಗ ಮೊದಲು ಹೊರಗಿನ ಆಕಾರ ಸರಿ ಮಾಡಿಕೊಳ್ಳಿ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೆಕ್ಯಾತರ ಅವರ ಹೆಸರು ಕೇಳಿರಬಹುದು. ತೊಗಲು ಗೊಂಬೆಯಾಟಕ್ಕಾಗಿ 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ತೊಗಲು ಗೊಂಬೆಯಲ್ಲಿ ರಾವಣನನ್ನೂ ಹನುಮಂತನನ್ನೂ ಬರೀ ಆಕಾರದಲ್ಲೇ ಗುರುತು ಹಿಡಿಯುತ್ತೀರಿ, ಬಣ್ಣ ಆಮೇಲಿನ ಮಾತು. ನಿಮ್ಮ ಪಾತ್ರಗಳಿಗೂ ಇದೇ ಪರೀಕ್ಷೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಳಗೆಲ್ಲಾ ಕಪ್ಪು ತುಂಬಿ. ಯಾರು ಯಾರೆಂದು ಗೊತ್ತಾಗಬೇಕು. ಸಿಡಿಲವ್ವನಿಗೆ ದೊಡ್ಡ ತುರುಬು, ಅದರಿಂದ ನಿಗುರಿ ನಿಂತ ಎರಡು ಕೂದಲು. ಧೂಳೇಶನಿಗೆ ತಲೆಗೆ ಸುತ್ತಿದ ಟವೆಲ್. ಅಷ್ಟೇ.

ಬಣ್ಣಕ್ಕೆ ಕೊಪ್ಪಳ ಜಿಲ್ಲೆಯ ಕಿನ್ನಾಳದ ಮರದ ಗೊಂಬೆ ನೋಡಿ. ಗಟ್ಟಿ ಕೆಂಪು, ಹಳದಿ, ಹಸಿರು, ಕಪ್ಪು ಗೆರೆ. ಫೋನಿನ ಸಣ್ಣ ಪರದೆಯಲ್ಲಿ ಇಂಥ ನಾಲ್ಕೈದು ಬಣ್ಣ ಸಾಕು, ಜಾಸ್ತಿ ಹಾಕಿದರೆ ಕಲಸಿಹೋಗುತ್ತದೆ.

ಒಂದು ಕಂತು, ಮೊದಲಿಂದ ಕೊನೆವರೆಗೆ

ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿದ್ದನ್ನೇ ತೋರಿಸುತ್ತೇನೆ. ಇದು ನನ್ನ ಮೂರನೇ ಕಂತು.

ಸಂಜೆ ಕರೆಂಟ್ ಹೋಗಿದೆ. ಮೊದಲು ನಾನು ಬರೆದದ್ದು ಹೀಗಿತ್ತು. ಮೊದಲ ಚೌಕದಲ್ಲಿ ಸಿಡಿಲವ್ವ ಮತ್ತು ಧೂಳೇಶ ಬೆಳಿಗ್ಗೆ ಹೊಡೆದಾಡುತ್ತಾರೆ. ಎರಡನೆಯದರಲ್ಲಿ "ಸಂಜೆ 7 ಗಂಟೆ" ಎಂಬ ಬರಹ. ಮೂರನೆಯದರಲ್ಲಿ ಸಿಡಿಲವ್ವ ಪಕ್ಕದ ಮನೆಯವಳಿಗೆ ತನ್ನ ಶಕ್ತಿಯಿಂದ ಫೋನ್ ಚಾರ್ಜ್ ಆಗುತ್ತದೆಂದು ವಿವರಿಸುತ್ತಾಳೆ. ನಾಲ್ಕರಲ್ಲಿ ಧೂಳೇಶ ಬಂದು "ಬೆಳಿಗ್ಗೆ ಆದದ್ದು ಮರೆತುಬಿಡು, ನನ್ನ ಫೋನೂ ಚಾರ್ಜ್ ಮಾಡು" ಅನ್ನುತ್ತಾನೆ. ಓದಿದರೆ ನಿಮಗೆ ನಗು ಬಂತಾ? ನನಗೂ ಬರಲಿಲ್ಲ. ಎಲ್ಲವನ್ನೂ ಬಾಯಿಬಿಟ್ಟು ಹೇಳಿದ್ದೆ.

ಎರಡನೇ ಸಲ ಬರೆದದ್ದು ಹೀಗಿದೆ.

ಒಂದು: ಇಡೀ ಓಣಿ ಕತ್ತಲು. ಒಂದೇ ಕಿಟಕಿಯಲ್ಲಿ ಬೆಳಕು. ಮಾತಿಲ್ಲ.

ಎರಡು: ಒಳಗೆ ಸಿಡಿಲವ್ವ ಬಲಗೈಯಲ್ಲಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಾಳೆ. ಎಡಗೈಯ ಐದು ಬೆರಳಿಗೆ ಐದು ಚಾರ್ಜರ್. ಬಾಗಿಲಾಚೆ ಫೋನ್ ಹಿಡಿದವರ ಸಾಲು.

ಮೂರು: ಸಾಲಿನ ಕೊನೆಗೆ ಧೂಳೇಶ, ಮುಖಕ್ಕೆ ಟವೆಲ್, ಮೈಯೆಲ್ಲಾ ಕೆಂಪು ಧೂಳು. "ಅಕ್ಕಾ, ನಂದು ಎರಡೇ ಪರ್ಸೆಂಟ್ ಐತಿ."

ನಾಲ್ಕು: ಸಿಡಿಲವ್ವ ತಿರುಗಿಯೂ ನೋಡುವುದಿಲ್ಲ. "ಕಾಲ್ ತೊಳಕೊಂಡು ಒಳಗ ಬಾ."

ಏನು ಬದಲಾಯಿತು ನೋಡಿ. ಬೆಳಗಿನ ಹೊಡೆದಾಟ ಹೋಯಿತು, ಯಾಕೆಂದರೆ ಒಬ್ಬಳು ಹೀರೋ, ಒಬ್ಬ ವಿಲನ್ ಎಂದು ಓದುವವರಿಗೆ ಮೊದಲೇ ಗೊತ್ತು. ವಿವರಣೆ ಹೋಯಿತು, ಯಾಕೆಂದರೆ ಐದು ಬೆರಳೇ ಎಲ್ಲಾ ಹೇಳುತ್ತವೆ. ಧೂಳೇಶ ಕ್ಷಮೆ ಕೇಳುವುದಿಲ್ಲ, ಅವಳು ಕ್ಷಮಿಸುವುದೂ ಇಲ್ಲ. ಹಗಲು ಹೊಡೆದಾಡಿದರೂ ಅವನು ಅವಳನ್ನು ಅಕ್ಕಾ ಅನ್ನುತ್ತಾನೆ, ಓಣಿಯಲ್ಲಿ ಬೇರೆ ಹೇಗೆ ಕರೆಯಲು ಆಗುತ್ತದೆ? ಇಬ್ಬರ ನಡುವೆ ಇರುವುದೆಲ್ಲಾ ಆ "ಅಕ್ಕಾ" ಮತ್ತು ಆ "ಕಾಲ್ ತೊಳಕೊಂಡು"ವಿನಲ್ಲಿ ಬಂದುಬಿಟ್ಟಿತು.

ಕೆಲಸದ ಕ್ರಮ ಹೀಗಿಟ್ಟುಕೊಳ್ಳಿ. ಮೊದಲು ಕೊನೆಯ ಚೌಕ ಬರೆಯಿರಿ. ಆಮೇಲೆ ಹಿಂದಕ್ಕೆ ಬನ್ನಿ, ಆ ಮಾತು ಅರ್ಥವಾಗಲು ಏನೇನು ಬೇಕೋ ಅಷ್ಟು ಮಾತ್ರ. ಬೆಂಕಿಪೊಟ್ಟಣದ ಗಾತ್ರದಲ್ಲಿ ನಾಲ್ಕೂ ಚೌಕಗಳ ಕಚ್ಚಾ ಚಿತ್ರ ಮಾಡಿ. ಮಾತಿನ ಗುಳ್ಳೆಗಳ ಜಾಗವನ್ನು ಈಗಲೇ ಗುರುತು ಹಾಕಿ, ಕೊನೆಗೆ ತುರುಕಲು ಹೋದರೆ ಹೀರೋನ ತಲೆಯೇ ಮುಚ್ಚಿಹೋಗುತ್ತದೆ. ಮೊದಲು ಮಾತಾಡುವವರು ಎಡಗಡೆ ಇರಲಿ. ಕಣ್ಣು ಓದುವುದು ಎಡದಿಂದ, ಮೇಲಿನಿಂದ. ಕಚ್ಚಾ ಚಿತ್ರವನ್ನು ಕಾಮಿಕ್ ಓದದ ಒಬ್ಬರಿಗೆ ತೋರಿಸಿ. ನಾನು ನಮ್ಮ ಅಮ್ಮನಿಗೆ ತೋರಿಸುತ್ತೇನೆ. "ಈಕಿ ಯಾಕ್ ಸಿಟ್ಟಾಗ್ಯಾಳ?" ಎಂದು ಕೇಳಿದರೆ ಮುಖ ಮತ್ತೆ ಬಿಡಿಸುತ್ತೇನೆ.

ಗುಳ್ಳೆಯೊಳಗಿನ ಕನ್ನಡ

ಕನ್ನಡದ ಕಾಮಿಕ್‌ಗಳು ಜಾಸ್ತಿ ಕೆಡುವುದು ಇಲ್ಲಿ. ಎರಡು ತೊಂದರೆ. ಒಂದು ಭಾಷೆಯದು, ಇನ್ನೊಂದು ಅಕ್ಷರದ್ದು.

ಚಿತ್ರದಲ್ಲಿ ಬಳ್ಳಾರಿ ಓಣಿ, ಮಾತಿನಲ್ಲಿ ಪಠ್ಯಪುಸ್ತಕ ಆಗಬಾರದು. "ನಾನು ಈಗ ಹೋಗುತ್ತಿದ್ದೇನೆ" ಎಂದು ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ. "ನಾ ಹೊಂಟೆ" ಅನ್ನುತ್ತೇವೆ. ಗುಳ್ಳೆಯಲ್ಲಿ ಜಾಗವೂ ಉಳಿಯಿತು. ಹಾಗಂತ ಪ್ರತಿ ಪದವನ್ನೂ ತಿರುಚಿ ಬರೆಯಬೇಡಿ, ಮೈಸೂರಿನವರಿಗೂ ಓದಲು ಬರಬೇಕಲ್ವಾ. ಕ್ರಿಯಾಪದ, ಕರೆಯುವ ಪದ, ಇವೆರಡರಲ್ಲಿ ಊರು ಕಂಡರೆ ಸಾಕು. ಬಳ್ಳಾರಿ ಪೇಟೆಯಲ್ಲಿ ತೆಲುಗು, ಉರ್ದು ಪದಗಳು ಮಧ್ಯೆ ಬರುತ್ತವೆ. ಅವು ಬರಲಿ. ಸಿಡಿಲವ್ವನ ಮೇಸ್ತ್ರಿ ಸಿಟ್ಟು ಬಂದಾಗ ಮಾತ್ರ ತೆಲುಗಿಗೆ ಜಾರುತ್ತಾನೆ. ಅವನ ಸಿಟ್ಟು ತೋರಿಸಲು ನನಗೆ ಬೇರೆ ಏನೂ ಬೇಕಾಗಿಲ್ಲ.

ಸದ್ದುಗಳ ವಿಷಯದಲ್ಲಿ ನಾವು ಶ್ರೀಮಂತರು. ಪರದೇಶದ ಕಾಮಿಕ್‌ನ ಸದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು ಶುದ್ಧ ಸೋಮಾರಿತನ. ಮೆತ್ತಗೆ ಬಿದ್ದರೆ ದಬಕ್. ಬಾಗಿಲಿಗೆ ಗುದ್ದಿದರೆ ಧಡ್. ಸ್ಟೀಲ್ ಲೋಟ ಬಿದ್ದರೆ ಟಣ್. ಮಿರ್ಚಿ ಎಣ್ಣೆಗೆ ಬಿದ್ದರೆ ಚುಂಯ್. ಕಿಡಿ ಒಂದಾದರೆ ಛಟ್, ನಿಲ್ಲದೆ ಹಾರುತ್ತಿದ್ದರೆ ಛಟಛಟ. ಪದ ಒಂದೇ ಸಲ ಬಂದರೆ ಒಂದು ಏಟು, ಜೋಡಿಯಾದರೆ ಮುಂದುವರಿದ ಸದ್ದು. ಈ ಲೆಕ್ಕ ಕನ್ನಡದಲ್ಲೇ ಇದೆ, ಬಳಸಿ. ಒಂದು ದಿನ ಅಡುಗೆಮನೆಯಲ್ಲಿ ಕೂತು ಕೇಳಿಸಿದ್ದೆಲ್ಲಾ ಬರೆದುಕೊಳ್ಳಿ, ವರ್ಷಕ್ಕಾಗುವಷ್ಟು ಸಿಗುತ್ತದೆ.

ಈಗ ಅಕ್ಷರ. ನಾನು ಒಮ್ಮೆ ಜಾತ್ರೆಯಲ್ಲಿ ಮಾರಲು ಹದಿನಾರು ಪುಟದ ಪುಸ್ತಕ ಮಾಡಿಸಿದೆ. ಅಂಗಡಿಯವರು ನನ್ನ ಫೈಲನ್ನು ತಮ್ಮ ಹಳೇ ಸಾಫ್ಟ್‌ವೇರಿನಲ್ಲಿ ತೆರೆದರು. ಮುಖಪುಟದಲ್ಲಿ ಸಿಡಿಲವ್ವ ಹೋಗಿ "ಸಿಡಿಲವ್‌ವ" ಆಗಿ ನಿಂತಿದ್ದಳು. ಒತ್ತು ಕಳಚಿ ಪಕ್ಕಕ್ಕೆ ಬಂದಿತ್ತು. ನೂರು ಪ್ರತಿ ಆಗಿಹೋಗಿದ್ದವು. ತಪ್ಪು ಅವರದ್ದೆಷ್ಟೋ ನನ್ನದೂ ಅಷ್ಟೇ. ಬರಹವನ್ನು ಚಿತ್ರವಾಗಿಸದೆ, ಬರಹವಾಗಿಯೇ ಕಳಿಸಿದ್ದೆ.

ಹಾಗಾಗಿ ಯುನಿಕೋಡ್‌ನಲ್ಲೇ ಬರೆಯಿರಿ. ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದದ್ದು ಫಾಂಟ್ ಬದಲಾದ ಕೂಡಲೇ ಅರ್ಥವಿಲ್ಲದ ಗುರುತುಗಳಾಗುತ್ತವೆ. ಬಾಲೂ ತಮ್ಮ, ಅಕಾಯ ಕನ್ನಡಕ, ನೋಟೋ ಸಾನ್ಸ್ ಕನ್ನಡ, ಈ ಮೂರೂ ಬಿಟ್ಟಿಯಾಗಿ ಸಿಗುವ ಯುನಿಕೋಡ್ ಫಾಂಟ್‌ಗಳು. ದುಂಡಗಿನ ಬಾಲೂ ತಮ್ಮ ಗುಳ್ಳೆಗೆ ಚೆನ್ನಾಗಿ ಒಪ್ಪುತ್ತದೆ. ಫೋಟೋಶಾಪ್‌ನಲ್ಲಿ ಒತ್ತು ಕಳಚಿದರೆ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇಂಕ್‌ಸ್ಕೇಪ್ ಬಿಟ್ಟಿ ಸಿಗುತ್ತದೆ, ಕನ್ನಡವನ್ನೂ ಸರಿಯಾಗಿ ತೋರಿಸುತ್ತದೆ. ನಾನು ಚಿತ್ರ ಕ್ರಿಟಾದಲ್ಲಿ ಬಿಡಿಸಿ ಬರಹ ಇಂಕ್‌ಸ್ಕೇಪ್‌ನಲ್ಲಿ ಹಾಕುತ್ತೇನೆ. ಫೋನಿನಲ್ಲೇ ಮಾಡುವವರಿಗೆ ಐಬಿಸ್ ಪೇಂಟ್ ಇದೆ. ಏನೇ ಬಳಸಿದರೂ "ಕ್ಷ್ಮ", "ಸ್ತ್ರೀ", "ರ್ಯ" ಬರೆದು ನೋಡಿ. ಈ ಮೂರೂ ಸರಿ ಬಂದರೆ ಉಳಿದದ್ದೂ ಬರುತ್ತದೆ. ಅಂಗಡಿಗೆ ಕೊಡುವಾಗ ಬರಹವನ್ನು ಗೆರೆಗಳಾಗಿ (ಇಂಕ್‌ಸ್ಕೇಪ್‌ನಲ್ಲಿ "ಆಬ್ಜೆಕ್ಟ್ ಟು ಪಾತ್") ಬದಲಾಯಿಸಿ ಪಿಡಿಎಫ್ ಕೊಡಿ. ಒಂದು ಪ್ರತಿ ತೆಗೆಸಿ ಓದಿ. ಆಮೇಲೆ ನೂರು.

ನಮ್ಮ ಅಕ್ಷರಕ್ಕೆ ಮೇಲೂ ಗುಡಿಸು, ಕೆಳಗೂ ಒತ್ತು. ಸಾಲುಗಳ ನಡುವೆ ಅಕ್ಷರದ ಎತ್ತರದ ಒಂದೂವರೆ ಪಟ್ಟು ಬಿಡದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಗುದ್ದುತ್ತದೆ. ಪದಗಳು ಉದ್ದ, ಆದ್ದರಿಂದ ಗುಳ್ಳೆ ಅಗಲವಾಗಿರಲಿ. ಒಂದು ಗುಳ್ಳೆಗೆ ಎಂಟು ಪದ ಮೀರಬೇಡಿ. ಮೀರಿದರೆ ಪದ ಕಡಿಮೆ ಮಾಡಿ, ಅಕ್ಷರ ಸಣ್ಣ ಮಾಡಬೇಡಿ.

ಅಳತೆ, ದಿನ, ಕಾನೂನು

ಇನ್‌ಸ್ಟಾಗ್ರಾಮ್‌ಗೆ 1080 ಅಗಲ, 1350 ಎತ್ತರದ ಪಿಕ್ಸೆಲ್ ಅಳತೆ ಚೆನ್ನ. ಒಂದು ಪೋಸ್ಟಿನಲ್ಲಿ 20 ಚಿತ್ರ ಹಾಕಬಹುದು, ನಾಲ್ಕು ಸಾಕು. ಈ ಅಗಲಕ್ಕೆ ಅಕ್ಷರ 44 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಕೆಳಕ್ಕೆ ಉರುಳಿಸಿ ಓದುವ ತಾಣಗಳಿಗೆ 800 ಪಿಕ್ಸೆಲ್ ಅಗಲ ಸಾಮಾನ್ಯ. ಅಲ್ಲಿ ಚೌಕಗಳ ನಡುವಿನ ಖಾಲಿ ಜಾಗವೇ ಸಮಯ. "ಎರಡೇ ಪರ್ಸೆಂಟ್" ಆದಮೇಲೆ ಒಂದು ಬೆರಳುದ್ದ ಖಾಲಿ ಬಿಟ್ಟು ಸಿಡಿಲವ್ವನ ಉತ್ತರ ತಂದರೆ ನಗು ಬೇರೆ ಥರ ಬರುತ್ತದೆ, ಮಾಡಿ ನೋಡಿ. ಮೂಲ ಚಿತ್ರ ಎರಡು ಪಟ್ಟು ದೊಡ್ಡದಿರಲಿ, ಮುಂದೆ ಪುಸ್ತಕ ಮಾಡಲು ಬೇಕಾಗುತ್ತದೆ.

ವಾರಕ್ಕೊಂದು ಕಂತು ಅಂದುಕೊಂಡರೆ, ಎಂಟು ಕಂತು ಮುಗಿಸಿಟ್ಟುಕೊಂಡು ಆಮೇಲೆ ಮೊದಲನೆಯದನ್ನು ಹಾಕಿ. ಜ್ವರ, ಮದುವೆ, ಪರೀಕ್ಷೆ ಎಲ್ಲಾ ಬರುತ್ತವೆ.

ಕಾನೂನು ಸ್ವಲ್ಪ. ಬೇರೆಯವರ ಸೂಪರ್ ಹೀರೋ, ಅವನ ಉಡುಪು, ಎದೆ ಮೇಲಿನ ಗುರುತು ಬಳಸಬೇಡಿ. ಅಮೆರಿಕದಲ್ಲಿ "ಸೂಪರ್ ಹೀರೋ" ಎಂಬ ಪದವನ್ನೇ ಎರಡು ದೊಡ್ಡ ಕಾಮಿಕ್ ಕಂಪನಿಗಳು ಸೇರಿ ಟ್ರೇಡ್‌ಮಾರ್ಕ್ ಮಾಡಿಕೊಂಡಿದ್ದವು. 2024ರಲ್ಲಿ ಅದು ರದ್ದಾಯಿತು. ನೀವು ಬಿಡಿಸಿದ್ದು ಬಿಡಿಸಿದ ಕ್ಷಣದಿಂದ ನಿಮ್ಮದೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ, ಬದುಕಿರುವವರೆಗೂ, ಆಮೇಲೆ 60 ವರ್ಷವೂ ಹಕ್ಕು ಇರುತ್ತದೆ. ಆದರೂ ಪ್ರತಿ ಚಿತ್ರದ ಮೂಲೆಯಲ್ಲಿ ಸಣ್ಣದಾಗಿ ಹೆಸರು ಬರೆಯಿರಿ. ವಾಟ್ಸಾಪ್‌ನಲ್ಲಿ ಓಡಾಡುವಾಗ ಜೊತೆಗೆ ಹೋಗುವುದು ಅದೊಂದೇ.

ಬಕೆಟ್ ಮರೆಯಬೇಡಿ

ಕಂತುಗಳು ಹತ್ತು ದಾಟಿದ ಮೇಲೆ ನೀವೇ ಬರೆದದ್ದು ನಿಮಗೇ ಮರೆಯುತ್ತದೆ. ಒಂದು ಹಾಳೆ ಗೋಡೆಗೆ ಅಂಟಿಸಿಕೊಳ್ಳಿ. ಯಾರ ಮನೆ ಬಾಗಿಲು ಯಾವ ಬಣ್ಣ, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಯಾರ ಮೇಲೆ ಎಷ್ಟು ಸಾಲ ಇದೆ, ಎಲ್ಲಾ ಅದರಲ್ಲಿರಲಿ.

ಮೂರನೇ ಕಂತಿನ ನಂತರ ಸಿಡಿಲವ್ವನ ಬಾಗಿಲ ಪಕ್ಕ ಒಂದು ಬಕೆಟ್ ನೀರು, ಮೇಲೊಂದು ತಂಬಿಗೆ ಬಿಡಿಸಲು ಶುರು ಮಾಡಿದೆ. ಧೂಳೇಶನಿಗಾಗಿ. ಅದರ ಬಗ್ಗೆ ಯಾರೂ ಏನೂ ಮಾತಾಡುವುದಿಲ್ಲ, ಅದು ಅಲ್ಲಿರುತ್ತದೆ ಅಷ್ಟೇ. ಹನ್ನೆರಡನೇ ಕಂತಿನಲ್ಲಿ ಇಬ್ಬರ ನಡುವೆ ಜೋರು ಜಗಳ. ಗಡಿಬಿಡಿಯಲ್ಲಿ ಬಕೆಟ್ ಬಿಡಿಸುವುದು ಮರೆತೆ. ರಾತ್ರಿ ಹಾಕಿ ಮಲಗಿದೆ. ಬೆಳಿಗ್ಗೆ ಸಿಂಧನೂರಿನ ಒಬ್ಬ ಓದುಗರ ಮೆಸೇಜು: "ಬಕೆಟ್ ತೆಗೆದ್ಲಾ? ಅಷ್ಟು ಸಿಟ್ಟಾ?"

ಹದಿಮೂರನೇ ಕಂತನ್ನು ಪೂರ್ತಿ ಹೊಸದಾಗಿ ಬರೆದೆ. ನಾಲ್ಕು ಚೌಕ, ಒಂದೂ ಮಾತಿಲ್ಲ. ಮೊದಲ ಮೂರರಲ್ಲಿ ಖಾಲಿ ಬಾಗಿಲು. ನಾಲ್ಕನೆಯದರಲ್ಲಿ ತುಂಬಿದ ಬಕೆಟ್.